ಮನೆಗೆ ನೀರು ನುಗ್ಗಿದೆಯಾ? ಎಸ್‌ಬಿಎ ಸಾಲಕ್ಕೆ ಮೊದಲು ಅರ್ಜಿ ಹಾಕಿ

ಅಮೆರಿಕದಲ್ಲಿ ಚಂಡಮಾರುತವೋ ಕಾಡ್ಗಿಚ್ಚೋ ಬಂದು ಮನೆ ಹಾಳಾದರೆ ಸರ್ಕಾರದ ಸಾಲ ಸಿಗುವುದು ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ (ಎಸ್‌ಬಿಎ), ಅಂದರೆ ಸಣ್ಣ ವ್ಯಾಪಾರಗಳಿಗೆ ನೆರವಾಗುವ ಸರ್ಕಾರಿ ಸಂಸ್ಥೆಯಿಂದ. ಎಡವಟ್ಟು ಶುರುವಾಗುವುದೇ ಈ ಹೆಸರಿನಿಂದ. "ನಾನು ಐಟಿಯಲ್ಲಿರೋನು, ನನಗೆಲ್ಲಿಯ ಬಿಸಿನೆಸ್ಸು" ಅಂತ ನಮ್ಮವರು ಅವರ ಇಮೇಲನ್ನೇ ಡಿಲೀಟ್ ಮಾಡಿಬಿಡುತ್ತಾರೆ. ಸ್ವಂತ ಮನೆಯವರಿಗೂ, ಬಾಡಿಗೆ ಮನೆಯವರಿಗೂ ಇದು ಸಿಗುತ್ತದೆ. ಮನೆ ರಿಪೇರಿಗೆ 5 ಲಕ್ಷ ಡಾಲರ್‌ವರೆಗೆ, ಕಾರು, ಸೋಫಾ, ಬಟ್ಟೆಬರೆಗೆ 1 ಲಕ್ಷದವರೆಗೆ. 2023ರಲ್ಲಿ ಏರಿಸುವ ಮೊದಲು ಇದು 2 ಲಕ್ಷ ಮತ್ತು 40 ಸಾವಿರ ಇತ್ತು, ಈಗಲೂ ಆ ಹಳೇ ಲೆಕ್ಕವನ್ನೇ ಹೇಳುವವರಿದ್ದಾರೆ. ಅಂಗಡಿ, ಹೋಟೆಲ್ ಇದ್ದವರಿಗೆ 20 ಲಕ್ಷದವರೆಗೆ.

ಮೊದಲು ಫೆಮಾದಲ್ಲಿ (ಅಮೆರಿಕ ಸರ್ಕಾರದ ವಿಪತ್ತು ನೆರವು ಸಂಸ್ಥೆ) ಹೆಸರು ಬರೆಸಿ, ಆಮೇಲೆ ಎಸ್‌ಬಿಎ ಸೈಟಿನಲ್ಲಿ ಅರ್ಜಿ ಹಾಕಿ. ಅರ್ಜಿಗೆ ದುಡ್ಡಿಲ್ಲ. ಯಾರಾದರೂ ಫೀಸ್ ಕೇಳಿದರೆ ಬಾಗಿಲು ಹಾಕಿಕೊಳ್ಳಿ. ಹಾನಿಯ ಸಾಲಕ್ಕೆ ಸಾಮಾನ್ಯವಾಗಿ 60 ದಿನ ಟೈಮ್ ಇರುತ್ತದೆ, ವ್ಯಾಪಾರ ಕುಸಿದಿದ್ದಕ್ಕೆ ಕೇಳುವ ಸಾಲಕ್ಕೆ 9 ತಿಂಗಳು. ಇನ್ಶೂರೆನ್ಸ್‌ನವರು ಏನು ಕೊಡುತ್ತಾರೋ ನೋಡಿ ಆಮೇಲೆ ಹಾಕೋಣ ಅಂತ ಕೂತಿರಬೇಡಿ, ಅವರು ಎಳೆದಾಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆ ಹಣ ಬಂದಾಗ ಸಾಲಕ್ಕೆ ಹೊಂದಿಸಿಕೊಳ್ಳುತ್ತಾರೆ, ಅಷ್ಟೇ.

ಇನ್ನು ಫೋಟೋ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್‌ನಲ್ಲಿ ನಮ್ಮ ಮನೆಗೆ ಎರಡಡಿ ನೀರು. ವಾಸನೆ ತಡೆಯಲಾರದೆ ಕಾರ್ಪೆಟ್ ಕಿತ್ತು ರಸ್ತೆ ಬದಿಗೆ ಎಸೆದೆ, ಒಂದೂ ಫೋಟೋ ತೆಗೆಯಲಿಲ್ಲ. ಆಮೇಲೆ ಹಾನಿ ನೋಡಲು ಬಂದ ಇನ್‌ಸ್ಪೆಕ್ಟರ್ "ಕಾರ್ಪೆಟ್ ಎಲ್ಲಿ?" ಅಂದಾಗ ತಲೆ ತುರಿಸಿಕೊಂಡೆ. ನೀವು ಗೋಡೆಯ ಮೇಲೆ ನೀರು ನಿಂತ ಕಂದು ಗೆರೆಗೆ ಟೇಪ್ ಹಿಡಿದು, ಇಂಚು ಕಾಣುವ ಹಾಗೆ ಫೋಟೋ ತೆಗೆಯಿರಿ. ಫ್ರಿಜ್ ಒಳಗಿನ ಮಾಡೆಲ್ ನಂಬರ್ ಸ್ಟಿಕ್ಕರ್‌ದೂ ಇರಲಿ. ಕಾರ್ಪೆಟ್ಟಿನ ಅಂಗೈಯಗಲ ತುಂಡೊಂದನ್ನು ಎತ್ತಿಡಿ.

ಸಾಲ ಜಾಸ್ತಿ ಮಾಡಿಸುವ ದಾರಿಯೂ ಇದೆ. ಮುಂದಿನ ಸಲ ಹೀಗಾಗದ ಹಾಗೆ ನೀರಿನ ಪಂಪ್ ಹಾಕಿಸಲು, ವಾಟರ್ ಹೀಟರನ್ನು ಎತ್ತರಕ್ಕೆ ಏರಿಸಲು, ಎಸ್‌ಬಿಎಯವರು ಲೆಕ್ಕ ಹಾಕಿದ ಹಾನಿಯ 20%ವರೆಗೆ ಹೆಚ್ಚುವರಿ ಕೇಳಬಹುದು. ಬಾಯಿ ಬಿಟ್ಟು ಕೇಳಿ, ತಾವಾಗಿಯೇ ಹೇಳುತ್ತಾರೆ ಅಂತ ನಂಬಬೇಡಿ.

ಬಡ್ಡಿ? ಬೇರೆ ಕಡೆ ಸಾಲ ಹುಟ್ಟದವರಿಗೆ 4% ಮೀರುವುದಿಲ್ಲ. ಹುಟ್ಟುವವರಿಗೆ 8%ವರೆಗೂ ಹೋಗಬಹುದು, ಒಳ್ಳೆ ಕ್ರೆಡಿಟ್ ಸ್ಕೋರ್ ಇಟ್ಟುಕೊಂಡ ತಪ್ಪಿಗೆ! ಮೊದಲ ವರ್ಷ ಕಂತೂ ಇಲ್ಲ, ಬಡ್ಡಿಯೂ ಇಲ್ಲ. ತೀರಿಸಲು 30 ವರ್ಷದವರೆಗೆ ಅವಕಾಶ. ಮಂಜೂರಾಯಿತು ಅಂತ ತಗೊಳ್ಳಲೇಬೇಕು ಅಂತೇನಿಲ್ಲ, ಬ್ಯಾಂಕ್ ಬಡ್ಡಿಯ ಜೊತೆ ಹೋಲಿಸಿ ನೋಡಿ.

ಅರ್ಜಿ ತಿರಸ್ಕಾರವಾದರೆ ಕೈಚೆಲ್ಲಬೇಡಿ. ಪತ್ರದಲ್ಲಿ ಕಾರಣ ಬರೆದಿರುತ್ತಾರೆ, ಅದಕ್ಕೆ ತಕ್ಕ ದಾಖಲೆ ಸೇರಿಸಿ 6 ತಿಂಗಳೊಳಗೆ ಮರುಪರಿಶೀಲನೆ ಕೇಳಿ. 2024ರ ಅಕ್ಟೋಬರ್‌ನಲ್ಲಿ ಹೆಲೀನ್ ಚಂಡಮಾರುತದ ನಂತರ ಎಸ್‌ಬಿಎ ಖಜಾನೆಯೇ ಖಾಲಿಯಾಗಿತ್ತು, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮತ್ತೆ ದುಡ್ಡು ಕೊಟ್ಟಿದ್ದು ಡಿಸೆಂಬರ್‌ನಲ್ಲಿ. ಆ ನಡುವೆಯೂ ಅರ್ಜಿ ತಗೊಳ್ಳುತ್ತಲೇ ಇದ್ದರು.

ಬಾಡಿಗೆಗೆ ಕೊಟ್ಟ ಎರಡನೇ ಮನೆ ಇದೆಯಾ? ಅದು ಬಿಸಿನೆಸ್ ಲೆಕ್ಕಕ್ಕೆ ಬರಬಹುದು. ರಜೆಗೆ ಹೋಗಿಬರುವ ಮನೆಗೆ ಮಾತ್ರ ಸಿಗಲ್ಲ. ಹಣ ಬಂದ ಮೇಲೆ ರಸೀದಿಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಡಿ. ರಿಪೇರಿಗೆ ಅಂತ ತಗೊಂಡು ಬೇರೆಯದಕ್ಕೆ ಖರ್ಚು ಮಾಡಿ ಸಿಕ್ಕಿಬಿದ್ದರೆ ಒಂದೂವರೆ ಪಟ್ಟು ಕಕ್ಕಬೇಕಾಗುತ್ತದೆ.