ಪಾರಿಜಾತದ ಮೇಳದಲ್ಲಿ ಹಾಡಿ ಕುಣಿಯಬೇಕೆನ್ನುವವರಿಗೆ

ಉತ್ತರ ಕರ್ನಾಟಕದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದ ಮೇಳವನ್ನು ಸೇರಬಯಸುವವರು ಗೆಜ್ಜೆ ಕೊಳ್ಳುವ ಮೊದಲು ಒಂದು ಸುಗ್ಗಿಯ ಹಂಗಾಮು ಪೂರ್ತಿ ಹಿಮ್ಮೇಳದ ಹಿಂದೆ ಕುಳಿತು ಆಟ ಕೇಳಬೇಕು. ಬಾಗಲಕೋಟೆ-ಬೆಳಗಾವಿ ಜಿಲ್ಲೆಗಳ ಲೋಕಾಪುರ, ಕುಲಗೋಡ, ಕೌಜಲಗಿಗಳ ಸೀಮೆಯಲ್ಲಿ ಈ ಆಟ ಉಳಿದದ್ದು ಹೀಗೆ ಕೇಳಿ ಕಲಿತವರಿಂದಲೇ. ಪದಗಳನ್ನು, ಅಂದರೆ ಆಟದ ಹಾಡುಗಳನ್ನು, ಪುಸ್ತಕದಿಂದ ಬಾಯಿಪಾಠ ಮಾಡಬಹುದು, ಆದರೆ ಯಾವ ಪದವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಪುಸ್ತಕ ಹೇಳುವುದಿಲ್ಲ.

ಹೊಸಬರು ಸೋಲುವುದು ಬಹುತೇಕ ಉಸಿರಿನಲ್ಲಿ. ಆದ್ದರಿಂದ ಬೆಳಗಿನ ಜಾವ ಖರ್ಜದ, ಅಂದರೆ ತಗ್ಗಿನ, ಸ್ವರದಲ್ಲಿ ನಿಂತು ಕಂಠ ಸಾಧಿಸಿ, ಬಳಿಕ ಒಂದೇ ಪದವನ್ನು ಮೊದಲು ಕುಳಿತು, ಆಮೇಲೆ ಕೈಯಲ್ಲಿ ತಾಳ ಹಾಕುತ್ತ ನಿಂತು, ಅನಂತರ ಬರಿಗಾಲಿನ ಹೆಜ್ಜೆಯೊಡನೆ, ಕೊನೆಗೆ ಗೆಜ್ಜೆ ಕಟ್ಟಿ ಹಾಡಬೇಕು. ಪಾತ್ರಧಾರಿ ಹಾಡಿದ ಸಾಲನ್ನು ಹಿಮ್ಮೇಳ ಎತ್ತಿಕೊಂಡು ಮತ್ತೆ ಹಾಡುವ ಆ ಬಿಡುವೇ ಕುಣಿತದ ಜಾಗ. ಆಗ ಬಾಯಿ ಮುಚ್ಚಿ, ಮೂಗಿನಿಂದ ಉಸಿರು ತುಂಬಿಕೊಂಡು ಕುಣಿಯಬೇಕು, ತಮ್ಮ ಸಾಲು ಮರಳಿ ಬಂದೊಡನೆ ಹೆಜ್ಜೆಯನ್ನು ಸಣ್ಣದಾಗಿಸಬೇಕು. ಹಾರ್ಮೋನಿಯಂ ಮಾಸ್ತರರು ಹಿಡಿದ ಶ್ರುತಿ ಎತ್ತರವೆನಿಸಿದರೆ ಸಂಕೋಚವಿಲ್ಲದೆ ಇಳಿಸಲು ಕೇಳಿ, ಏಕೆಂದರೆ ಬೆಳತನಕ ಹಾಡಬೇಕಾದವರು ನೀವು.

ಮೊದಲ ಪಾತ್ರವಾಗಿ ಸತ್ಯಭಾಮೆಯನ್ನು ಬಯಸಬೇಡಿ. ಗೊಲ್ಲತಿಯಿಂದ ಆರಂಭಿಸಿದರೆ ಆಟವನ್ನು ನಡೆಸುವ ಭಾಗವತನಿಗೆ ಸ್ಥಳದಲ್ಲೇ ಉತ್ತರ ಕೊಡುವ ಮಾತಿನ ಚುರುಕು ಬರುತ್ತದೆ; ಅದಿಲ್ಲದೆ ಎಂಥ ಕಂಠವೂ ಈ ಆಟದಲ್ಲಿ ಸಪ್ಪೆಯೇ. ರುಕ್ಮಿಣಿ ಆಮೇಲಿನ ಮೆಟ್ಟಿಲು. ಕೃಷ್ಣ ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟನೆಂದು ಮುನಿಯುವ ಸತ್ಯಭಾಮೆ ಒಂದೇ ಪದದೊಳಗೆ ಸಿಟ್ಟು, ಅಳು, ಗರ್ವಗಳನ್ನು ದಾಟಬೇಕು, ಅದೂ ರಾತ್ರಿ ಸರಿದು ಕಂಠ ದಣಿದ ಹೊತ್ತಿನಲ್ಲಿ. ಈ ಆಟದಿಂದಲೇ ನಾಡಿನಲ್ಲಿ ಹೆಸರಾದ ಕೌಜಲಗಿ ನಿಂಗಮ್ಮನವರ ಊರಿನ ಪ್ರೇಕ್ಷಕರ ಮುಂದೆ ತಪ್ಪಿದ ತಾಳ ಅಡಗುವುದಿಲ್ಲ.

ವೇಷದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೇಳದ ಹಿರಿಯರು ಉಡಿಸಿದಂತೆ ಉಡಿ.

ದುಡಿಮೆಯ ಮಾತು ಬೇರೆ. ಜಾತ್ರೆಗಳು ಮುಗಿದು ಮಳೆ ಹಿಡಿದರೆ ಆಟಗಳು ನಿಲ್ಲುತ್ತವೆ, ಆದ್ದರಿಂದ ಹೊಲವನ್ನೋ ಹೊಲಿಗೆಯನ್ನೋ ಕೈಬಿಡದಿರುವುದು ಲೇಸು. ವೀಳ್ಯ ಹಿಡಿದು ಆಟಕ್ಕೆ ಒಪ್ಪಿಕೊಳ್ಳುವಾಗಲೇ ಪಗಾರ, ಬಸ್ ಚಾರ್ಜು, ಊಟದ ಮಾತು ಮುಗಿಸಿ, ಆಟದ ನಡುವೆ ಪ್ರೇಕ್ಷಕರಿಂದ ಬರುವ ಆಯೇರಿಯು (ಕಾಣಿಕೆಯು) ಪಾತ್ರಧಾರಿಗೆ ಸೇರುತ್ತದೆಯೋ ಮೇಳಕ್ಕೋ ಎಂದು ಸ್ಪಷ್ಟಪಡಿಸಿಕೊಳ್ಳಿ. ತರಬೇತಿ ಶಿಬಿರಗಳ ಬಗ್ಗೆ ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿಯಲ್ಲಿ ವಿಚಾರಿಸಬಹುದು. ಮುಪ್ಪಿನಲ್ಲಿ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಗೆ ದಾಖಲೆ ಬೇಕಾಗುವುದರಿಂದ, ನಿಮ್ಮ ಹೆಸರು ಅಚ್ಚಾದ ಪ್ರತಿಯೊಂದು ಹ್ಯಾಂಡ್‌ಬಿಲ್ಲನ್ನೂ ಫೋಟೋವನ್ನೂ ಮೊದಲ ಆಟದಿಂದಲೇ ಟ್ರಂಕಿನಲ್ಲಿ ಜೋಪಾನವಾಗಿಡಿ.