ಹಳೆಯ ಜೀಪ್ ಕೊಳ್ಳುವ ಮುನ್ನ ಗೋಣಿಚೀಲ ಹಾಸಿ ಮಲಗಿ

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಕೊಡಗಿನ ಹಳೆಯ ಜೀಪ್, ಜಿಪ್ಸಿಗಳಿಗೆ ಹೊಸ ಯಜಮಾನರು ಸಿಗುತ್ತಾರೆ. ಕೊಳ್ಳಲು ಹೋದವರು ಬಾನೆಟ್ ತೆರೆಸುತ್ತಾರೆ, ಎಂಜಿನ್ ಶಬ್ದಕ್ಕೆ ತಲೆದೂಗುತ್ತಾರೆ, ಹೊಸ ಪೇಂಟಿನ ಮೇಲೆ ಕೈಯಾಡಿಸಿ ಮುಂಗಡ ಕೊಟ್ಟು ಬರುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಗಾಡಿ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿರುತ್ತದೆ. ಎಂಜಿನ್ ಬಿಚ್ಚಿ ಜೋಡಿಸುವವರು ಗೋಣಿಕೊಪ್ಪದಲ್ಲೂ ಇದ್ದಾರೆ, ಸೋಮವಾರಪೇಟೆಯಲ್ಲೂ ಇದ್ದಾರೆ. ಆದರೆ ಗಾಡಿಯ ಬೆನ್ನೆಲುಬಾದ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ತುಕ್ಕು ಹಿಡಿದು ಕೊಳೆತರೆ ಮದ್ದಿಲ್ಲ.

ಮೊದಲು, ಯಾವ ಗಾಡಿ? ತೋಟದೊಳಗೆ ಮೂಟೆ ಹೊರಬೇಕಿದ್ದರೆ ಮಹೀಂದ್ರದ ಡೀಸೆಲ್ ಜೀಪ್. ಹಗುರವಾಗಿ ಓಡಾಡಲು ಮಾರುತಿಯ ಪೆಟ್ರೋಲ್ ಜಿಪ್ಸಿ. ಅದರಲ್ಲೂ 970 ಸಿಸಿಯ ಹಳೆಯದು ಬೇಡ, 1298 ಸಿಸಿಯ ‘ಜಿಪ್ಸಿ ಕಿಂಗ್’ ಇರಲಿ. ಚಿಕ್ಕ ಎಂಜಿನ್ ನಮ್ಮ ಏರುಗಳಲ್ಲಿ ಏದುಸಿರು ಬಿಡುತ್ತದೆ.

ನಂತರ ದಾಖಲೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು; 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಿಂದ 10,000. ನವೀಕರಣವನ್ನು ಮಾರುವವರೇ ಮಾಡಿಸಿಕೊಡಲಿ, ‘ಆಮೇಲೆ ನೋಡೋಣ’ ಎಂಬ ಮಾತಿಗೆ ಒಪ್ಪಬೇಡಿ. ಚಾಸಿಯ ಮೇಲೆ ಒತ್ತಿದ ಸಂಖ್ಯೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ. ಎಂಜಿನ್ ಸಂಖ್ಯೆಯನ್ನೂ ಬಿಡಬೇಡಿ. ಬೇರೆ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ನಮೂದಿಸದೆ ಓಡಿಸುವುದು ಜೀಪಿನವರ ಹಳೆಯ ಚಾಳಿ. ಕುಟ್ಟ, ಮಾಕುಟ್ಟದ ಆಚೆಯ ಕೇರಳ ನೋಂದಣಿಯ ಗಾಡಿ ಅಗ್ಗವೆಂದು ಕಂಡರೆ, ನಿರಾಕ್ಷೇಪಣಾ ಪತ್ರದ ಓಡಾಟವನ್ನೂ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಸೇರಿಸಿ ಮತ್ತೊಮ್ಮೆ ಲೆಕ್ಕ ಹಾಕಿ.

ಈಗ ನಿಜವಾದ ಕೆಲಸ. ಒಂದು ಗೋಣಿಚೀಲ, ಟಾರ್ಚ್, ಸಣ್ಣ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್ ಒಯ್ಯಿರಿ. ಗಾಡಿ ಸಮತಟ್ಟು ನೆಲದ ಮೇಲೆ ನಾಲ್ಕೂ ಚಕ್ರ ಊರಿ ನಿಂತಿರಲಿ. ಬರೀ ಜ್ಯಾಕ್ ಕೊಟ್ಟ ಗಾಡಿಯ ಕೆಳಗೆ ತಲೆ ಹಾಕಬೇಡಿ. ಅಡಿಭಾಗ ಎಣ್ಣೆ ಸವರಿದ ಎಮ್ಮೆಯಂತೆ ಮಿರಮಿರನೆ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ. ಮಾರುವ ಮುನ್ನಾ ವಾರ ಬಳಿದ ಕಪ್ಪು ಕೋಟಿಂಗ್ ಅದು, ತುಕ್ಕಿಗೆ ಹೊದಿಸಿದ ಕಂಬಳಿ. ಮಾರುವವರ ಅನುಮತಿ ಪಡೆದು ಅಲ್ಲಲ್ಲಿ ಕೆರೆಯಿರಿ. ಅನುಮತಿ ಕೊಡದಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಮುಂದಿನಿಂದ ಹಿಂದಕ್ಕೆ ಚಾಸಿಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಕೊಳೆತದ್ದು ಹಣ್ಣಾದ ಹಲಸನ್ನು ತಟ್ಟಿದಂತೆ ದಬ್ ಎನ್ನುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಅಡ್ಡಪಟ್ಟಿಗಳ ಮೂಲೆ, ಬಾಡಿ ಕೂರುವ ಬೋಲ್ಟುಗಳ ಸುತ್ತ ಹೆಚ್ಚು ಹೊತ್ತು ಕಳೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕುಳಿತ ಕೆಸರು ಒಣಗುವುದೇ ಇಲ್ಲ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಇಳಿದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಹಳೆಯ ತಗಡಿನ ಮೇಲೆ ಹೊಸ ತಗಡಿನ ತೇಪೆ ಕಂಡರೂ ಅಷ್ಟೇ. ಆಮೇಲೆ ಒಳಗಿನ ಮ್ಯಾಟ್ ಎತ್ತಿಸಿ. ರಸಗೊಬ್ಬರ ಹೊತ್ತ ತೋಟದ ಜೀಪಿನ ಹಿಂಭಾಗದ ನೆಲ ಮೇಲಿನಿಂದಲೇ ಕರಗಿರುತ್ತದೆ. ಇಷ್ಟಕ್ಕೆ ಒಂದು ಗಂಟೆ ಬೇಕು. ಪರಿಚಯದವರೊಬ್ಬರು ಬಿಳಿ ಪಂಚೆ ಕೊಳೆಯಾಗುತ್ತದೆಂದು ಬಗ್ಗದೆ ಬಂದರು. ಪಂಚೆ ಇಂದಿಗೂ ಬೆಳ್ಳಗಿದೆ, ಜೀಪ್ ಗುಜರಿ ಸೇರಿದೆ.

ಕೆಳಗಿದ್ದಾಗಲೇ ಇನ್ನೊಂದು ನೋಡಿ: ಮುಂದಿನ ಆಕ್ಸಲ್‌ಗೆ ಎಂಜಿನ್ನಿನ ಬಲ ಒಯ್ಯುವ ಉದ್ದನೆಯ ಸರಳು, ಪ್ರೊಪೆಲ್ಲರ್ ಶಾಫ್ಟ್, ಇದೆಯೇ? ರಿಪೇರಿಯ ಖರ್ಚು ತಪ್ಪಿಸಲು ಅದನ್ನು ಬಿಚ್ಚಿಟ್ಟು, ಲಿವರ್ ಮಾತ್ರ ಉಳಿಸಿ ‘ಫೋರ್ ವೀಲ್’ (ನಾಲ್ಕೂ ಚಕ್ರ ಎಳೆಯುವ ಗಾಡಿ) ಎಂದು ಮಾರುವ ಮಹಾನುಭಾವರಿದ್ದಾರೆ. ಡಿಫರೆನ್ಷಿಯಲ್‌ನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ.

ನಾಲ್ಕು ಚಕ್ರದ ಪರೀಕ್ಷೆಯನ್ನು ಟಾರು ರಸ್ತೆಯಲ್ಲಿ ಮಾಡಬೇಡಿ. ಬಿಗಿ ನೆಲದ ಮೇಲೆ ತಿರುವು ತೆಗೆದುಕೊಂಡರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಗೇರುಗಳಿಗೆ ಪೆಟ್ಟಾಗುತ್ತದೆ. ಕೆಸರಿನ ಏರಿಗೆ ಒಯ್ಯಿರಿ, ಮುಂದಿನ ಚಕ್ರಗಳ ನಡುವಿನ ಹಬ್ ತಿರುಗಿಸಿ ಲಾಕ್ ಮಾಡಿ, ಹೊರಗೆ ಸುರಕ್ಷಿತ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ಮುಂದಿನ ಚಕ್ರ ಎಳೆಯುತ್ತಿದೆಯೇ ಎಂದು ನೋಡಿಸಿ. ಇಳಿಯುವಾಗ ಲೋ ರೇಂಜ್ (ನಿಧಾನ ಓಟದ, ಹೆಚ್ಚು ಬಲದ ಗೇರ್ ಸಾಲು), ಮೊದಲ ಗೇರ್. ಬ್ರೇಕ್ ಮುಟ್ಟದೆಯೂ ಗಾಡಿ ತಡೆದು ತಡೆದು ಇಳಿಯಬೇಕು, ಗೇರ್ ಹಾರಬಾರದು.

ಕೊಂಡ ಮೇಲೆ ಎಲ್ಲ ಎಣ್ಣೆಗಳನ್ನೂ ಒಮ್ಮೆ ಬದಲಿಸಿ. ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ನಾಲ್ಕೂ ಚಕ್ರ ಜೋಡಿಸಿ ಎರಡು ಕಿಲೋಮೀಟರ್ ಓಡಿಸಿ, ಇಲ್ಲದಿದ್ದರೆ ಬೇಕಾದ ದಿನ ಲಿವರ್ ಅಲುಗುವುದಿಲ್ಲ. ಅಗಲದ ಟೈರ್ ಹಾಕಿಸಬೇಡಿ. ಅದು ಕೆಸರಿನ ಮೇಲೆ ತೇಲುತ್ತದೆ, ಕಿರಿದಾದದ್ದು ಕೊರೆದುಕೊಂಡು ಗಟ್ಟಿ ನೆಲ ಹುಡುಕುತ್ತದೆ. ಮಳೆಗೆ ಮುಂಚೆ ಅಡಿಭಾಗಕ್ಕೆ ಹಳೆಯ ಎಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ತೋಡಿನ (ಹಳ್ಳದ) ನೀರು ಸೇರುತ್ತದೆ. ಮೇಣದಂತಹ ಲೇಪನ ದುಬಾರಿಯಾದರೂ ಅದನ್ನೇ ಹಾಕಿಸಿ. ಸೆಪ್ಟೆಂಬರ್ ಆರಂಭದ ಕೊಡವರ ಹಬ್ಬ ಕೈಲ್ ಪೊಳ್ದ್ ಮುಗಿದು ಮಳೆ ಹಿಂದೆ ಸರಿದೊಡನೆ ಚಾಸಿಯ ತೂತುಗಳಿಗೆ ಪೈಪ್ ಹಿಡಿದು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು, ಎರಡು ದಿನ ಬಿಸಿಲಿಗೆ ನಿಲ್ಲಿಸಿ.