ಸ್ಪೇನ್‌ಗೆ ಹೋಗೋ ಮುಂಚೆ ಅಲ್ಲಿನ ಗಡಿಯಾರಕ್ಕೆ ಹೊಂದ್ಕೊಳ್ಳಿ

ಸ್ಪೇನ್ ಟ್ರಿಪ್ ಅಂದ್ರೆ ಎಲ್ರೂ ಮೊದ್ಲು ಯಾವ ಊರು ನೋಡ್ಲಿ ಅಂತ ಕೇಳ್ತಾರೆ, ನಾನ್ ಹೇಳೋದು ಅದಕ್ಕಿಂತ ಮುಂಚೆ ಅಲ್ಲಿ ದಿನ ಹೇಗೆ ನಡಿಯುತ್ತೆ ಅಂತ ತಿಳ್ಕೊಳ್ಳಿ. ಮಧ್ಯಾಹ್ನದ ಊಟ 2 ಗಂಟೆ ಮೇಲೆ, ರಾತ್ರಿ ಊಟ 9ರ ಮೇಲೆ, ಸಂಜೆ 6ಕ್ಕೆ ಹಸಿವಾಯ್ತು ಅಂತ ಹೋದ್ರೆ ತುಂಬಾ ಕಡೆ ಒಲೆನೇ ಹಚ್ಚಿರಲ್ಲ. ಅದಕ್ಕೆ ಹೊಟ್ಟೆ ತುಂಬಾ ಊಟ ಮಧ್ಯಾಹ್ನವೇ ಮಾಡ್ಬಿಡಿ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಅಂತ ಬೋರ್ಡ್ ಇರುತ್ತೆ, ಒಂದೇ ರೇಟಿಗೆ ಎರಡು ಸುತ್ತು ಊಟ, ಬ್ರೆಡ್ಡು, ಕುಡಿಯೋಕೆ ಏನಾದ್ರೂ, ಕೊನೆಗೆ ಸಿಹಿ ಅಥವಾ ಕಾಫಿ. ರಾತ್ರಿಗೆ ತಪಾಸ್ (ಚಿಕ್ಕ ಚಿಕ್ಕ ತಟ್ಟೆಲಿ ಕೊಡೋ ತಿಂಡಿಗಳು) ಸಾಕು, ದಕ್ಷಿಣದ ಗ್ರನಾಡಾ ಊರಲ್ಲಂತೂ ಡ್ರಿಂಕ್ ತಗೊಂಡ್ರೆ ಒಂದು ತಪಾ ಫ್ರೀಯಾಗಿ ಕೊಡೋ ಪದ್ಧತಿ ಇನ್ನೂ ಇದೆ.

ವೆಜ್ ತಿನ್ನೋರು ಒಂದ್ ವಿಷ್ಯ ನೆನಪಿಡಿ. ಬರೀ 'ಸಿನ್ ಕಾರ್ನೆ' (ಮಾಂಸ ಬೇಡ) ಅಂದ್ರೆ ಸಾಲಲ್ಲ, ಹಂದಿಮಾಂಸದ ಹಮೋನ್ ಚೂರುಗಳು ಆಮೇಲೂ ಬರಬಹುದು, 'ಸಿನ್ ಹಮೋನ್, ಸಿನ್ ಪೆಸ್ಕಾದೊ' (ಹಮೋನ್ ಬೇಡ, ಮೀನು ಬೇಡ) ಅಂತಾನೂ ಸೇರಿಸಿ ಹೇಳಿ. ಸಾಲ್ಮೊರೆಹೊ ಅಂತ ತಣ್ಣನೆ ಟೊಮೇಟೊ ಸೂಪ್ ಇದೆ, ಅದ್ಭುತ ರುಚಿ, ಆದ್ರೆ ಮೇಲೆ ಮೊಟ್ಟೆ, ಹಮೋನ್ ಉದುರಿಸಿರ್ತಾರೆ. ಸೆವಿಲ್ಯಾದ ಪಾಲಕ್-ಕಡಲೆ ಪಲ್ಯ, ಜೇನು ಹಾಕಿದ ಬದನೆಕಾಯಿ ಫ್ರೈ ಇವೆಲ್ಲ ಹುಡುಕಿ ತಿನ್ನಿ.

ಬಾರ್ಸಿಲೋನಾ ಎಲ್ರಿಗೂ ಗೊತ್ತು, ಅಲ್ಲಿನ ಸಗ್ರಾದಾ ಫಮಿಲಿಯಾ ಚರ್ಚಿನ ಟಿಕೆಟ್ ಆನ್‌ಲೈನಲ್ಲಿ ಮಾಡ್ಕೊಂಡ್ರೆ ಮುಗೀತು. ಮ್ಯಾಡ್ರಿಡ್‌ನಲ್ಲಿ ಪ್ರಾದೊ ಮ್ಯೂಸಿಯಂ ಸೋಮವಾರದಿಂದ ಶನಿವಾರ ಸಂಜೆ 6ರಿಂದ 8 ಫ್ರೀ, ಕ್ಯೂ ಉದ್ದ ಇರುತ್ತೆ, ಬೇಗ ಹೋಗಿ ನಿಂತ್ಕೊಂಡು ಸೀದಾ ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್' ಚಿತ್ರದ ಮುಂದೆ ಹೋಗಿ.

ಆದ್ರೆ ಟೈಮ್ ಕಮ್ಮಿ ಇದ್ರೆ ನನ್ನ ಮಾತು ಕೇಳಿ, ದಕ್ಷಿಣದ ಅಂದಲೂಸಿಯಾ ಪ್ರಾಂತ್ಯಕ್ಕೆ (ಕೊರ್ದೊಬಾ, ಗ್ರನಾಡಾ, ಸೆವಿಲ್ಯಾ ಊರುಗಳು ಇರೋ ಕಡೆ) ಜಾಸ್ತಿ ದಿನ ಇಡಿ. ಮ್ಯಾಡ್ರಿಡ್‌ನಿಂದ ಫಾಸ್ಟ್ ಟ್ರೈನಲ್ಲಿ ಕೊರ್ದೊಬಾ ಎರಡು ಗಂಟೆಯೂ ಇಲ್ಲ. ಅಲ್ಲಿನ ಮೆಸ್ಕಿಟಾ 8ನೇ ಶತಮಾನದಲ್ಲಿ ಮಸೀದಿಯಾಗಿ ಶುರುವಾಗಿದ್ದು, 850ಕ್ಕೂ ಹೆಚ್ಚು ಕಂಬ, ಮೇಲೆ ಕೆಂಪು-ಬಿಳಿ ಕಮಾನುಗಳು, ಆ ಕಂಬಗಳ ಕಾಡಿನ ಮಧ್ಯೆ ನಡೀತಾ ಹೋದ್ರೆ ದಿಢೀರ್ ಅಂತ 16ನೇ ಶತಮಾನದಲ್ಲಿ ಎಬ್ಬಿಸಿದ ಚರ್ಚು ಎದುರಾಗುತ್ತೆ, ಎರಡು ಧರ್ಮದ ಚರಿತ್ರೆ ಒಂದೇ ಸೂರಿನ ಕೆಳಗೆ. ಬೆಳಿಗ್ಗೆ ಜನ ಸೇರೋ ಮುಂಚೆನೇ ಹೋಗಿ.

ಗ್ರನಾಡಾದ ಅಲ್ಹಂಬ್ರಾ ಕೋಟೆ-ಅರಮನೆಗೆ ಟಿಕೆಟ್ ವಾರಗಟ್ಲೆ ಮುಂಚೆ ಖಾಲಿ ಆಗುತ್ತೆ, ಡೇಟ್ ಪಕ್ಕಾ ಆದ ದಿನವೇ ಬುಕ್ ಮಾಡಿ. ಟಿಕೆಟಲ್ಲಿ ಒಳಗಿರೋ ನಸ್ರಿದ್ (ಹಳೇ ಮುಸ್ಲಿಂ ರಾಜವಂಶದ) ಅರಮನೆಗಳಿಗೆ ಅಂತ ಒಂದು ಟೈಮ್ ಪ್ರಿಂಟ್ ಆಗಿರುತ್ತೆ, ಅದನ್ನ ತಪ್ಪಿಸ್ಕೊಂಡ್ರೆ ಒಳಗೆ ಬಿಡಲ್ಲ, ಮಿಕ್ಕಿದ ಕೋಟೆ, ತೋಟ ಅದಕ್ಕೆ ಮುಂಚೆನೋ ಆಮೇಲೋ ನೋಡ್ಕೋಬಹುದು. ಪಾಸ್‌ಪೋರ್ಟ್ ಒರಿಜಿನಲ್ ಜೊತೆಗಿರಲಿ, ಚೆಕ್ ಮಾಡ್ತಾರೆ. ಸಂಜೆ ಎದುರಿನ ಅಲ್ಬೈಸಿನ್ ಗುಡ್ಡ ಹತ್ತಿ, ಸೂರ್ಯ ಮುಳುಗೋ ಹೊತ್ತಿಗೆ ಅಲ್ಹಂಬ್ರಾದ ಗೋಡೆಗಳು ಕೆಂಪಾಗೋದನ್ನ ನೋಡದೆ ವಾಪಸ್ ಬರ್ಬೇಡಿ.

ಫ್ಲಾಮೆಂಕೊ (ಇಲ್ಲಿನ ಹಾಡು-ಕುಣಿತ) ನೋಡೋಕೆ ದೊಡ್ಡ ಡಿನ್ನರ್ ಶೋ ಬೇಡ, ಸೆವಿಲ್ಯಾದ ತ್ರಿಯಾನಾ ಬಡಾವಣೆ ಕಡೆ ಸಣ್ಣ ಜಾಗ ಹುಡುಕಿ, ಕಾಲಿನ ಏಟು ನೆಲದಿಂದ ನಿಮ್ಮ ಎದೆಗೆ ತಾಕ್ಬೇಕು. ಚಪ್ಪಾಳೆಯೂ ಅಲ್ಲಿ ತಾಳದ ಭಾಗ, ಹಾಗಾಗಿ ನಡುವೆ ನಾವು ಹೊಡೀಬಾರ್ದು.

ಜುಲೈ, ಆಗಸ್ಟ್ ಮಾತ್ರ ಬೇಡ, ಈ ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ. ಮೇ ತಿಂಗಳಾದ್ರೆ ಕೊರ್ದೊಬಾದಲ್ಲಿ ಜನ ತಮ್ಮ ಮನೆ ಒಳಂಗಳಗಳನ್ನ ಹೂವಿನ ಕುಂಡಗಳಿಂದ ಸಿಂಗರಿಸಿ ಬಾಗಿಲು ತೆರೆದಿಟ್ಟಿರ್ತಾರೆ, ಒಳಗೆ ಹೋಗಿ ನೋಡ್ಬಹುದು.